ದೇಶಾವಕಾಶಿಕ ವ್ರತವೂ ವ್ಯಾಪಾರಿಯ ಮೊಬೈಲೂ

ಮುನಿಗಳಿಗೆ ಮಹಾವ್ರತ, ಶ್ರಾವಕರಿಗೆ ಅಣುವ್ರತ ಎಂದು ಆಚಾರ್ಯರು ವಿಂಗಡಿಸಿರುವುದರಲ್ಲಿ ಗೃಹಸ್ಥನ ಕಷ್ಟವನ್ನು ಬಲ್ಲ ಕಾರುಣ್ಯವಿದೆ. ಗೃಹಸ್ಥನಾದವನು ಒಲೆ ಹಚ್ಚಬೇಕು, ಹೊಲ ಉಳಬೇಕು, ಅಂಗಡಿಯ ಬಾಗಿಲು ತೆರೆಯಬೇಕು. ಆದುದರಿಂದಲೇ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಭಾಗಿಸಿ, ಸಂಕಲ್ಪದಿಂದ ಮಾಡುವ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕೆಂದೂ, ಜೀವನೋಪಾಯದಲ್ಲಿ ಅನಿವಾರ್ಯವಾಗಿ ಒದಗುವುದನ್ನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳುತ್ತ ಹೋಗಬೇಕೆಂದೂ ಶ್ರಾವಕಾಚಾರದ ಪರಂಪರೆ ಬೋಧಿಸಿದೆ. ಯಾವುದು ಪ್ರಯೋಜನಕ್ಕಾಗಿ, ಯಾವುದು ನಿಷ್ಪ್ರಯೋಜನ ಎಂಬ ವಿವೇಕವೇ ಈ ಬೋಧೆಯ ಬೆನ್ನೆಲುಬು. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪಕ್ಕೆ ಅನರ್ಥದಂಡ ಎಂಬ ಹೆಸರಿದೆ.

ಹಿಂದೆ ಈ ವಿವೇಕಕ್ಕೆ ವಸ್ತುಗಳೇ ನೆರವಾಗುತ್ತಿದ್ದವು. ತಕ್ಕಡಿ ಅಂಗಡಿಯಲ್ಲಿರುತ್ತಿತ್ತು, ತೊಟ್ಟಿಲು ಮನೆಯಲ್ಲಿರುತ್ತಿತ್ತು, ಜಪಮಾಲೆ ದೇವರ ಕೋಣೆಯಲ್ಲಿರುತ್ತಿತ್ತು. ಪಗಡೆಯ ಹಾಸನ್ನು ಬಿಚ್ಚಿದರೆ ಇಡೀ ಕೇರಿಗೇ ತಿಳಿಯುತ್ತಿತ್ತು. ಇಂದು ತಕ್ಕಡಿ, ಕಿರ್ದಿ, ಗಲ್ಲೆ, ಅಂಚೆ, ಪಗಡೆ, ನಾಟಕದ ರಂಗ, ಶಾಸ್ತ್ರದ ಗ್ರಂಥ ಇವೆಲ್ಲವೂ ಅಂಗೈಯಗಲದ ಒಂದೇ ಉಪಕರಣದಲ್ಲಿ ಸೇರಿವೆ. ವ್ಯಾಪಾರಿಯಾಗಿಯೂ ತಂದೆತಾಯಿಯಾಗಿಯೂ ಬಾಳಬೇಕಾದ ಶ್ರಾವಕ ಶ್ರಾವಿಕೆಯರ ಮುಂದೆ ಇರುವ ಪ್ರಶ್ನೆ ಇದು: ಉದ್ಯೋಗವನ್ನೂ ಅನರ್ಥವನ್ನೂ ಒಂದೇ ವಸ್ತು ಹೊತ್ತಿರುವಾಗ, ಅವುಗಳ ನಡುವೆ ಗೆರೆ ಎಳೆಯುವುದೆಂತು? ಎಳೆದ ಗೆರೆ ಮಕ್ಕಳಿಗೆ ಕಾಣುವಂತೆ ಮಾಡುವುದೆಂತು?

ಒಂದು ಕುಟುಂಬವನ್ನು ದೃಷ್ಟಾಂತವಾಗಿ ಇಟ್ಟುಕೊಳ್ಳಬಹುದು. ಬೆಳಗಾವಿ ಸೀಮೆಯ ಒಂದು ತಾಲೂಕು ಪಟ್ಟಣದಲ್ಲಿ ಒಬ್ಬ ಶ್ರಾವಕರದು ಪಾತ್ರೆ ಅಂಗಡಿ. ಅವರ ತಂದೆಯ ಕಾಲದಲ್ಲಿ ಹಿತ್ತಾಳೆ, ತಾಮ್ರ. ಈಗ ಬಹುಪಾಲು ಸ್ಟೀಲು. ಮನೆಯಲ್ಲಿ ವೃದ್ಧ ತಾಯಿ, ಪತ್ನಿ, ಎಂಟನೆಯ ತರಗತಿಯ ಮಗಳು, ಐದನೆಯ ತರಗತಿಯ ಮಗ. ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿರುವ ಒಬ್ಬ ಆಳು. 2016ರಲ್ಲಿ ಯುಪಿಐ ಬಂದ ಮೇಲೆ ನಾಲ್ಕಾರು ವರ್ಷಗಳಲ್ಲಿ ಗಲ್ಲೆಯೊಳಗಿನ ನೋಟುಗಳು ತೆಳ್ಳಗಾದವು. ಹಣ ಜಮೆಯಾದುದನ್ನು ಕೂಗಿ ಹೇಳುವ ಡಬ್ಬಿಯೊಂದು ತಕ್ಕಡಿಯ ಪಕ್ಕದಲ್ಲಿ ಕುಳಿತಿತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಲೆಕ್ಕಪತ್ರಗಳು ಗಣಕಯಂತ್ರಕ್ಕೆ ಏರಿದವು. ಮದುವೆಯ ಪಾತ್ರೆಗಳ ಬೇಡಿಕೆ ವಾಟ್ಸಾಪಿನಲ್ಲಿ ಬರತೊಡಗಿತು. ಇದಾವುದನ್ನೂ ಆ ಶ್ರಾವಕರು ಬಯಸಿ ತಂದುದಲ್ಲ, ಬೇಡವೆಂದು ತಳ್ಳುವ ಸ್ಥಿತಿಯಲ್ಲೂ ಅವರಿರಲಿಲ್ಲ. ತಳ್ಳಿದ್ದರೆ ಅಂಗಡಿ ಉಳಿಯುತ್ತಿರಲಿಲ್ಲ.

ಅಂಗಡಿಯ ಮೊಬೈಲು ರಾತ್ರಿ ಅವರೊಂದಿಗೇ ಮನೆಗೆ ಬರುತ್ತಿತ್ತು. ಹಣ ಪಾವತಿಯ ಗುಪ್ತಸಂಖ್ಯೆ ಅವರಿಗೆ ಗೊತ್ತಿತ್ತು. ಲಾರಿಯ ಬಾಡಿಗೆಯನ್ನೂ ಹಮಾಲರ ಕೂಲಿಯನ್ನೂ ಕೊಡಬೇಕಾಗಿದ್ದುದರಿಂದ ಆಳಿಗೂ ಗೊತ್ತಿತ್ತು. ರಜೆಯ ದಿನಗಳಲ್ಲಿ ಗಲ್ಲೆಯ ಬಳಿ ಕುಳಿತು ನೋಡಿದ್ದ ಮಗನಿಗೂ ಅದು ಗೊತ್ತಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಒಂದು ತಿಂಗಳ ಕೊನೆಗೆ ಕಿರ್ದಿಗೂ ಬ್ಯಾಂಕಿನ ಶಿಲ್ಕಿಗೂ ತಾಳೆಯಾಗಲಿಲ್ಲ. ನಾಲ್ಕು ಸಾವಿರಕ್ಕೂ ಮಿಕ್ಕ ಹಣ ಕಡಿಮೆ ಬಿದ್ದಿತು. ಶ್ರಾವಕರು ಮೊತ್ತವನ್ನು ನೋಡಿದರೇ ಹೊರತು ಒಂದೊಂದು ನಮೂದನ್ನು ನೋಡಲಿಲ್ಲ. ಗುಪ್ತಸಂಖ್ಯೆ ಬಲ್ಲವರು ಇಬ್ಬರೇ ಎಂದು ತಿಳಿದಿದ್ದವರಿಗೆ ಅನುಮಾನ ಎತ್ತ ಹೋಗಬೇಕೋ ಅತ್ತಲೇ ಹೋಯಿತು. ಗಿರಾಕಿಗಳ ಎದುರಿನಲ್ಲೇ ಆಳಿಗೆ ಕಟುವಾದ ಮಾತುಗಳನ್ನಾಡಿದರು. ಹನ್ನೊಂದು ವರ್ಷ ಅನ್ನ ಉಂಡ ಮನೆಯ ಮಾತಿಗೆ ಎದುರಾಡದೆ ಆತ ಮೈಮೇಲಿನ ಟವೆಲ್ಲನ್ನು ಕೊಡವಿಕೊಂಡು ಹೊರಗೆ ನಡೆದ.

ಮೂರು ದಿನಗಳ ಬಳಿಕ ಲೆಕ್ಕ ಬರೆಯುವವರು ಬಂದು ಬ್ಯಾಂಕಿನ ಖಾತೆಯ ಪ್ರತಿಯನ್ನು ಸಾಲುಸಾಲಾಗಿ ಓದಿದರು. ಕಡಿಮೆ ಬಿದ್ದ ಹಣವೆಲ್ಲ ಸಣ್ಣ ಸಣ್ಣ ಮೊತ್ತಗಳಾಗಿ, ರಾತ್ರಿ ಒಂಬತ್ತರಿಂದ ಹತ್ತರೊಳಗೆ, ಅಂಗಡಿ ಮುಚ್ಚಿದ ಮೇಲೆ ಹೋಗಿತ್ತು. ಹಣ ಪಡೆದದ್ದು ಒಂದು ಆಟದ ಕಂಪನಿ. ಆಟದೊಳಗಿನ ಬೊಂಬೆಗೆ ಹೊಸ ಅಂಗಿ, ಹೊಸ ಕತ್ತಿ ಕೊಳ್ಳಲು ಮಗನು ವ್ಯಯಿಸಿದ ಹಣವದು.

ಮಗನನ್ನು ಕರೆದು ಕೇಳಿದಾಗ ಮೊದಲು "ನಾ ಅಲ್ಲ" ಎಂದ. ಸಾಕ್ಷ್ಯ ತೋರಿಸಿದಾಗ ತಲೆ ತಗ್ಗಿಸಿದ. ತಂದೆಗೆ ಹಣ ಹೋದುದಕ್ಕಿಂತ ಸುಳ್ಳು ಹೆಚ್ಚು ನೋವು ತಂದಿತು. "ನಮ್ಮ ಮನ್ಯಾಗ ಸುಳ್ಳು ಹೇಳಾಕ ಯಾರು ಕಲಿಸ್ಯಾರ ನಿನಗ?" ಎಂದು ಗದರಿದರು. ಹುಡುಗ ಅಳುತ್ತಲೇ ಉತ್ತರ ಕೊಟ್ಟ: "ಹುಬ್ಬಳ್ಳಿ ಕಾಕಾ ಫೋನ್ ಮಾಡಿದಾಗ ಅಪ್ಪಾ ಮನ್ಯಾಗ ಇಲ್ಲ ಅಂತ ಹೇಳು ಅಂತ ನೀವ ಹೇಳಿದ್ರಲ್ಲ, ಅಪ್ಪಾ." ಸಗಟು ವ್ಯಾಪಾರಿಗೆ ಕೊಡಬೇಕಾದ ಬಾಕಿಯನ್ನು ಎರಡು ದಿನ ಮುಂದೂಡಲು ಆಡಿಸಿದ ಮಾತು ಅದು. ಆಡಿಸಿದವರು ಮರೆತಿದ್ದರು, ಆಡಿದವನು ಮರೆತಿರಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ವೃದ್ಧ ತಾಯಿ ಜಪಮಾಲೆಯನ್ನು ಕೆಳಗಿಟ್ಟರು, ಏನನ್ನೂ ಹೇಳಲಿಲ್ಲ.

ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಗಳಲ್ಲಿ ಕರ್ಮ ಬಂಧಿಸುತ್ತದೆಂದು ಪಾಠಶಾಲೆಯ ಮಕ್ಕಳಿಗೂ ಗೊತ್ತು. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದವರನ್ನು ಮೆಚ್ಚುವುದು. ಮಗುವಿನ ನಾಲಗೆಯಿಂದ ಅಸತ್ಯ ನುಡಿಸಿದ ತಂದೆ ಸ್ವತಃ ಸುಳ್ಳು ಹೇಳಲಿಲ್ಲ ನಿಜ, ಆದರೆ ಹೇಳಿಸಿದರು. ಹೇಳಿಸಿದ್ದರಲ್ಲಿ ಎರಡು ಹಾನಿಗಳಾದವು. ತಮ್ಮ ವ್ರತಕ್ಕೆ ದೋಷ ತಗುಲಿತು. ಇನ್ನೂ ವ್ರತ ಹಿಡಿಯದ ಎಳೆಯ ಜೀವಕ್ಕೆ ವ್ರತದ ಮೇಲಿನ ಶ್ರದ್ಧೆಯೇ ಸಡಿಲವಾಯಿತು.

ಹಾಗಾದರೆ ತಪ್ಪು ಯಾರದು? ಮೊಬೈಲಿನದೇ, ಮಗನದೇ, ತಂದೆಯದೇ? ಜೈನ ದರ್ಶನವು ಕಾರ್ಯಕ್ಕೆ ಉಪಾದಾನ ಮತ್ತು ನಿಮಿತ್ತ ಎಂಬ ಎರಡು ಕಾರಣಗಳನ್ನು ಹೇಳುತ್ತದೆ. ಮಣ್ಣು ಗಡಿಗೆಗೆ ಉಪಾದಾನ, ತಿಗರಿಯೂ ಕೋಲೂ ನಿಮಿತ್ತ. ಮೊಬೈಲು ನಿಮಿತ್ತ ಮಾತ್ರ, ಆಸೆಯೇ ಉಪಾದಾನ ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಯಂತ್ರವೇ ಸರ್ವಪಾಪಗಳ ಮೂಲ ಎಂದು ದೂರಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಇವೆರಡೂ ಏಕಾಂತ. ಉಪಾದಾನವನ್ನು ಇನ್ನೊಬ್ಬರು ತಿದ್ದಲಾರರು, ಆತ್ಮವೇ ತಿದ್ದಿಕೊಳ್ಳಬೇಕು. ಆದರೆ ಎಳೆಯ ಮಕ್ಕಳ ಸುತ್ತ ಎಂತಹ ನಿಮಿತ್ತಗಳಿರಬೇಕೆಂದು ಏರ್ಪಡಿಸುವ ಹೊಣೆ ತಂದೆತಾಯಿಗಳದೇ. ಬಸದಿ, ಪಾಠಶಾಲೆ, ಸತ್ಸಂಗ ಇವೆಲ್ಲ ಒಳ್ಳೆಯ ನಿಮಿತ್ತಗಳೆಂದೇ ಅಲ್ಲವೇ ಪೂರ್ವಿಕರು ಅವುಗಳನ್ನು ಕಟ್ಟಿ ಉಳಿಸಿದುದು?

ಅದರಲ್ಲೂ ಈ ನಿಮಿತ್ತ ತಿಗರಿಯಂತೆ ಸುಮ್ಮನೆ ಕುಳಿತಿರುವಂತಹುದಲ್ಲ. ಅದರೊಳಗಿನ ವ್ಯವಹಾರವನ್ನು ವ್ಯಾಪಾರಿ ಬೇಗನೆ ಅರಿಯಬಲ್ಲ. ಬಿಟ್ಟಿಯಾಗಿ ಸಿಗುವ ಚಿತ್ರಕ್ಕೂ ಆಟಕ್ಕೂ ಹಣ ತೆರುವವನು ಜಾಹೀರಾತುದಾರ. ಅವನು ಕೊಳ್ಳುವ ಸರಕು ನೋಡುವವನ ಗಮನ. ಎಷ್ಟು ಹೊತ್ತು ನೋಡಿದರೆ ಅಷ್ಟು ಸರಕು. ಆದುದರಿಂದ ಒಂದು ಚಿತ್ರ ಮುಗಿಯುತ್ತಿದ್ದಂತೆ ಮತ್ತೊಂದು ತಾನಾಗಿ ತೆರೆದುಕೊಳ್ಳುತ್ತದೆ, ಗಂಟೆ ಬಾರಿಸಿ ಮತ್ತೆ ಮತ್ತೆ ಕರೆಯುತ್ತದೆ. ಯಾವ ಅಂಗಡಿಕಾರನೂ ಗಿರಾಕಿ ಹೊರಗೆ ಹೋಗದಂತೆ ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ಈ ಅಂಗಡಿ ನಿಲ್ಲುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲೇ ಇಂತಹ ಅತಿಬಳಕೆಯ ಚಿಕಿತ್ಸೆಗೆಂದು ಪ್ರತ್ಯೇಕ ವಿಭಾಗವನ್ನು ತೆರೆಯಬೇಕಾಯಿತು. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ 2022ರಿಂದ ಒಂದು ವ್ಯಾಧಿಯೆಂದೇ ಎಣಿಸುತ್ತಿದೆ. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲಿಗೆ ಹೆಸರಿಸಿದ ಪರಂಪರೆಗೆ ಇದು ಅಚ್ಚರಿಯ ಸಂಗತಿಯಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿತು. ಆದರೆ ಕಾನೂನು ಕಾಯುವುದು ಹೊರಬಾಗಿಲನ್ನು. ಮನೆಯೊಳಗಿನದು ವ್ರತದ ಕಾವಲು.

ಆ ವ್ರತ ಹೊಸದಾಗಿ ರಚಿಸಬೇಕಾದುದಲ್ಲ. ಶ್ರಾವಕನ ಹನ್ನೆರಡು ವ್ರತಗಳಲ್ಲಿ ದೇಶಾವಕಾಶಿಕ ಎಂಬುದೊಂದಿದೆ. ದಿಗ್ವ್ರತದಲ್ಲಿ ಜೀವಮಾನಕ್ಕೆಂದು ಹಾಕಿಕೊಂಡ ದಿಕ್ಕುಗಳ ಎಲ್ಲೆಯನ್ನು ದಿನಕ್ಕೋ ಪಕ್ಷಕ್ಕೋ ತಿಂಗಳಿಗೋ ಇನ್ನೂ ಕಿರಿದಾಗಿಸಿ, ಇಂದು ಈ ಮನೆ, ಈ ಕೇರಿ, ಈ ಹೊಲದಾಚೆಗೆ ತನ್ನ ವ್ಯವಹಾರವಿಲ್ಲ ಎಂದು ನಿಶ್ಚಯಿಸುವುದೇ ಈ ವ್ರತ. ಎಲ್ಲೆಯಾಚೆಗಿನ ಜೀವಿಗಳ ಮಟ್ಟಿಗೆ ಆ ಅವಧಿಯಲ್ಲಿ ಗೃಹಸ್ಥನೂ ಮಹಾವ್ರತಿಯಂತೆ ಇರುತ್ತಾನೆಂಬುದು ಅದರ ಹಿರಿಮೆ. ಬಹಳ ಮನೆಗಳಲ್ಲಿ ಈ ವ್ರತ ಪಟ್ಟಿಯಲ್ಲಷ್ಟೇ ಉಳಿದಿದೆ. ಕಾಲಿನಿಂದ ನಡೆಯುವ ಕಾಲದ ವ್ರತ, ಇಂದಿಗೆ ಸಲ್ಲದು ಎಂಬ ಭಾವನೆಯೂ ಇದೆ.

ಆದರೆ ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ಗಮನಿಸಬೇಕು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವೂ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಅವುಗಳನ್ನು ಹೆಚ್ಚುಕಡಿಮೆ ಒಂದೇ ತೆರನಾಗಿ ಎಣಿಸುತ್ತವೆ. ತಾನು ಎಲ್ಲೆಯೊಳಗೇ ಕುಳಿತು ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ಬೇರೊಬ್ಬನನ್ನು ಹೊರಗೆ ಅಟ್ಟಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ದನಿ ಮಾಡಿ ಹೊರಗಿನವರಿಗೆ ಸೂಚನೆ ಕೊಡುವುದು ಶಬ್ದಾನುಪಾತ. ತನ್ನ ರೂಪವನ್ನು ತೋರಿಸಿ ಗಮನ ಸೆಳೆಯುವುದು ರೂಪಾನುಪಾತ. ಕಲ್ಲು ಮಣ್ಣಿನಂತಹ ಯಾವುದಾದರೂ ವಸ್ತುವನ್ನು ಹೊರಗೆಸೆದು ಸಂಜ್ಞೆ ಮಾಡುವುದು ಪುದ್ಗಲಕ್ಷೇಪ.

ಕಾಲು ಎಲ್ಲೆಯನ್ನು ದಾಟದಿದ್ದರೂ ವ್ರತ ಕೆಡಬಹುದೆಂದು ಆಚಾರ್ಯರು ಅಂದೇ ಕಂಡಿದ್ದರು. ಮನೆಯ ಮಂಚದ ಮೇಲೆ ಕುಳಿತು ದೂರದ ಸರಕನ್ನು ಬಾಗಿಲಿಗೆ ತರಿಸುವುದು ಆನಯನವಲ್ಲವೇ? ಸಾಮಗ್ರಿ ತಲುಪಿಸುವ ಹುಡುಗನನ್ನು ಮಳೆಯಲ್ಲಿ ಓಡಿಸುವುದು ಪ್ರೇಷ್ಯಪ್ರಯೋಗವಲ್ಲವೇ? ಊಟದ ನಡುವೆ ಸಗಟು ವ್ಯಾಪಾರಿಯೊಡನೆ ಮಾತು ಶಬ್ದಾನುಪಾತ. ಬಸದಿಯಲ್ಲಿ ಅಭಿಷೇಕ ನಡೆಯುತ್ತಿರುವಾಗ ತನ್ನ ಚಿತ್ರ ತೆಗೆದು ಊರಿಗೆಲ್ಲ ಹಂಚುವುದು ರೂಪಾನುಪಾತ. ಬಂದ ಸುದ್ದಿಯನ್ನು ನಿಜವೋ ಸುಳ್ಳೋ ನೋಡದೆ ಹತ್ತು ಗುಂಪುಗಳಿಗೆ ಎಸೆಯುವುದು ಪುದ್ಗಲಕ್ಷೇಪಕ್ಕೆ ಸಮೀಪವಾದುದು. ಮೊಬೈಲು ಈ ಐದೂ ಅತಿಚಾರಗಳನ್ನು ಒಂದೇ ಕೈಗೆ ಒದಗಿಸಿದೆ. ಪಾತ್ರೆ ಅಂಗಡಿಯ ಶ್ರಾವಕರು ಸೂರ್ಯಾಸ್ತಕ್ಕೆ ಮೊದಲೇ ಮನೆಗೆ ಬಂದು ಉಣ್ಣುತ್ತಿದ್ದರು. ದೇಹ ಮನೆಯಲ್ಲಿತ್ತು, ಅವರು ಮಾತ್ರ ಹುಬ್ಬಳ್ಳಿಯಲ್ಲೋ ಕೊಲ್ಲಾಪುರದಲ್ಲೋ ಇರುತ್ತಿದ್ದರು. ಮಕ್ಕಳು ಕಂಡದ್ದು ಆ ದೇಹವನ್ನು ಮಾತ್ರ.

ರಾತ್ರಿಭೋಜನತ್ಯಾಗವನ್ನು ಪಾಲಿಸಿಯೂ ಅದರ ತಿರುಳನ್ನು ಕಳೆದುಕೊಳ್ಳುವ ಬಗೆಯೂ ಇಲ್ಲಿದೆ. ಅಹಿಂಸಾವ್ರತದ ಐದು ಭಾವನೆಗಳಲ್ಲಿ ಆಲೋಕಿತಪಾನಭೋಜನ ಒಂದು: ಅನ್ನವನ್ನೂ ನೀರನ್ನೂ ಕಣ್ಣಿಂದ ನೋಡಿ ಸೇವಿಸುವುದು. ಬೆಳಕಿನಲ್ಲಿ ಉಣ್ಣಬೇಕೆಂಬ ನಿಯಮ ಇರುವುದೇ ನೋಡಿ ಉಣ್ಣಲೆಂದು. ಹೊರಗೆ ಸೂರ್ಯನಿದ್ದು, ಕಣ್ಣು ಪರದೆಯ ಮೇಲಿದ್ದು, ಕೈ ತಾನಾಗಿ ತುತ್ತನ್ನು ಬಾಯಿಗೆ ಒಯ್ಯುತ್ತಿದ್ದರೆ ಬೆಳಕಿದ್ದೂ ಅದು ಕತ್ತಲೆಯ ಊಟ. ಮೊಬೈಲು ನೋಡುತ್ತ ದ್ವಿಚಕ್ರ ವಾಹನ ಓಡಿಸುವವನು ಈರ್ಯಾಸಮಿತಿಯ ಹೆಸರನ್ನೇ ಎತ್ತುವಂತಿಲ್ಲ. ಪ್ರಮಾದವೇ ಹಿಂಸೆಯ ಬೇರೆಂದು ಆಗಮ ಹೇಳುವುದು ಇಂತಹ ಕಡೆಗಳಲ್ಲಿ ಅಕ್ಷರಶಃ ನಿಜವಾಗುತ್ತದೆ. ಅನರ್ಥದಂಡದ ಐದು ಪ್ರಕಾರಗಳಲ್ಲಿ ದುಃಶ್ರುತಿ ಮತ್ತು ಪ್ರಮಾದಚರ್ಯೆ ಎಂಬೆರಡು ಸೇರಿರುವುದನ್ನು ನೆನೆದರೆ, ಮನಸ್ಸನ್ನು ಕೆಡಿಸುವ ಮಾತುಚಿತ್ರಗಳನ್ನು ಹೊತ್ತುಗೊತ್ತಿಲ್ಲದೆ ಕೇಳುತ್ತ ನೋಡುತ್ತ ಕೂರುವ ಅಭ್ಯಾಸಕ್ಕೆ ಬೇರೆ ಹೆಸರು ಹುಡುಕಬೇಕಾಗಿಲ್ಲ.

ವ್ಯಾಪಾರಿಗೆ ಇನ್ನೊಂದು ಎಚ್ಚರವೂ ಬೇಕು. ಸತ್ಯವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರ ಎಂಬುದಿದೆ. ನಂಬಿ ಇಟ್ಟುದನ್ನು ಅಪಹರಿಸುವುದು. ಗಿರಾಕಿ ಬಿಲ್ಲಿಗಾಗಿ ಕೊಟ್ಟ ದೂರವಾಣಿ ಸಂಖ್ಯೆಯೂ ಒಂದು ನ್ಯಾಸವೇ. ಅದನ್ನು ಅವನ ಅನುಮತಿಯಿಲ್ಲದೆ ಇನ್ನೊಬ್ಬ ವ್ಯಾಪಾರಿಗೆ ದಾಟಿಸುವುದು ಪುಟ್ಟ ಉಪಕಾರವೆಂದು ತೋರಬಹುದು. ಇಟ್ಟವನ ಕಡೆಯಿಂದ ನೋಡಿದರೆ ಹಾಗೆ ತೋರದು. ಹಣ ಕೊಡದೆ ಕದ್ದ ಪ್ರತಿಯ ಲೆಕ್ಕದ ತಂತ್ರಾಂಶವನ್ನು ಬಳಸುವುದು ಅದತ್ತಾದಾನ. ಅದೇ ಗಣಕದ ಮುಂದೆ ಕುಳಿತ ಮಗನಿಗೆ ಅಚೌರ್ಯವನ್ನು ಬೋಧಿಸಿದರೆ ಬೋಧೆ ಎಷ್ಟು ದೂರ ಹೋದೀತು? ಮಕ್ಕಳ ಮಾಹಿತಿಯ ವಿಷಯದಲ್ಲಂತೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ತಂದೆತಾಯಿಗಳ ಒಪ್ಪಿಗೆ ಅಗತ್ಯವೆಂದು ವಿಧಿಸಿದೆ. ಒಪ್ಪಿಗೆಯ ಗುಂಡಿಯನ್ನು ಓದದೆ ಒತ್ತುವ ತಂದೆ ತನ್ನ ಮಗುವಿನ ನ್ಯಾಸವನ್ನೇ ಪರರಿಗೆ ಒಪ್ಪಿಸುತ್ತಾನೆ.

ಇಷ್ಟು ಹೇಳಿದೊಡನೆ ಆಕ್ಷೇಪಗಳು ಏಳುತ್ತವೆ. ಅವು ಹುರುಳಿಲ್ಲದವಲ್ಲ. ಮೊದಲನೆಯದು: ಸಂಜೆಯ ಹೊತ್ತೇ ವ್ಯಾಪಾರದ ಹೊತ್ತು, ಕರೆಗೆ ಓಗೊಡದಿದ್ದರೆ ಗಿರಾಕಿ ಪಕ್ಕದ ಅಂಗಡಿಗೋ ದೊಡ್ಡ ಆನ್‌ಲೈನ್ ಕಂಪನಿಗೋ ಹೋಗುತ್ತಾನೆ. ಇದು ನಿಜ. ನಿಯಮದಿಂದ ನಷ್ಟವೇ ಆಗದೆಂದು ಹೇಳಿದರೆ ಅದೂ ಅಸತ್ಯವಾದೀತು. ದಿಗ್ವ್ರತ ಹಿಡಿದ ಹಳೆಯ ವರ್ತಕನೂ ತನ್ನ ಎಲ್ಲೆಯಾಚೆಗಿನ ಲಾಭವನ್ನು ಬಿಟ್ಟೇ ವ್ರತ ಹಿಡಿದನು. ಯಾವ ಬೆಲೆಯನ್ನೂ ಬೇಡದ ನಿಯಮ ನಿಯಮವೇ ಅಲ್ಲ. ಕೇಳಿಕೊಳ್ಳಬೇಕಾದುದು ಬೆಲೆ ಎಷ್ಟು, ಅದಕ್ಕೆ ಬದಲಾಗಿ ಉಳಿದುದು ಏನು ಎಂದು. ವ್ಯಾಪಾರಿಗೆ ಈ ಲೆಕ್ಕ ಕಷ್ಟವಲ್ಲ.

ಎರಡನೆಯ ಆಕ್ಷೇಪ: ಮಕ್ಕಳ ಪಾಠವೂ ಮೊಬೈಲಿನಲ್ಲೇ ಬರುತ್ತದೆ, ಪ್ರವಚನವೂ ಅದರಲ್ಲೇ ಕೇಳಿಸುತ್ತದೆ, ಜ್ಞಾನಕ್ಕೆ ತಡೆಯೊಡ್ಡುವುದು ಜ್ಞಾನಾವರಣೀಯ ಕರ್ಮಕ್ಕೆ ಕಾರಣವಲ್ಲವೇ? ಇದೂ ವಿಚಾರಾರ್ಹ. ಉಪಕರಣಗಳನ್ನು ದ್ವೇಷಿಸುವುದು ಜೈನರ ಇತಿಹಾಸಕ್ಕೆ ಸಲ್ಲುವ ಮಾತಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಂದಿನ ಓಲೆಯೂ ಕಂಠವೂ ಅಂದಿನ ತಂತ್ರಜ್ಞಾನ. ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕಷ್ಟೇ ದೊರೆಯುತ್ತಿದ್ದ ಧವಲಾ ಗ್ರಂಥವು ಪ್ರತಿಯಾಗಿ ಹೊರಬಂದು 1939ರಿಂದ ಮುದ್ರಣವಾಗತೊಡಗಿದ ಬಳಿಕವೇ ಸಾಮಾನ್ಯ ವಿದ್ವಾಂಸರ ಕೈಸೇರಿತು. ಮುದ್ರಣಯಂತ್ರವನ್ನು ಬೇಡವೆಂದಿದ್ದರೆ ಅದು ಪೆಟ್ಟಿಗೆಯೊಳಗೇ ಉಳಿಯುತ್ತಿತ್ತು. ಆದುದರಿಂದ ವಸ್ತುವನ್ನು ಬಿಡಬೇಕೆಂಬುದು ಇಲ್ಲಿಯ ವಾದವಲ್ಲ. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮೂರ್ಛೆ. ಮೂರ್ಛೆ ಇದೆಯೋ ಇಲ್ಲವೋ ಎಂದು ಪರೀಕ್ಷಿಸುವುದು ಸುಲಭ. ಮೊಬೈಲು ಕಾಲು ಗಂಟೆ ಕಾಣದಾದರೆ ಮನಸ್ಸಿಗೆ ಏನಾಗುತ್ತದೆಂದು ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬಹುದು. ಈ ಪರೀಕ್ಷೆಯಲ್ಲಿ ಮಕ್ಕಳಿಗಿಂತ ಮೊದಲು ಸೋಲುವವರು ಹಿರಿಯರೇ ಆಗಿರಬಹುದು.

ಮೂರನೆಯ ಆಕ್ಷೇಪ ಸೂಕ್ಷ್ಮವಾದುದು: ಎಲ್ಲವೂ ಒಂದರಲ್ಲೇ ಇರುವಾಗ ಯಾವುದು ಉದ್ಯೋಗ, ಯಾವುದು ಅನರ್ಥ ಎಂದು ನಿರ್ಣಯಿಸುವವರು ಯಾರು? ಗಿರಾಕಿಯ ಸಂದೇಶ ನೋಡಲೆಂದು ತೆಗೆದ ಮೊಬೈಲಿನಲ್ಲಿ ಅರ್ಧ ಗಂಟೆ ಕಳೆದವನು ತಾನು ವ್ಯಾಪಾರವನ್ನೇ ಮಾಡುತ್ತಿದ್ದೆನೆಂದು ನಂಬಿರುತ್ತಾನೆ. ಇಲ್ಲಿ ಹೊರಗಿನ ನ್ಯಾಯಾಧೀಶನಿಲ್ಲ. ಇದಕ್ಕೆಂದೇ ಪ್ರತಿಕ್ರಮಣವಿರುವುದು. ದಿನದ ಕೊನೆಗೆ ರೋಕಡವನ್ನು ತಾಳೆ ನೋಡುವ ವ್ಯಾಪಾರಿ, ಹೊತ್ತಿನ ರೋಕಡವನ್ನೂ ನೋಡಿಕೊಳ್ಳಬಹುದು: ತೆಗೆದದ್ದು ಯಾವ ಕೆಲಸಕ್ಕೆ, ಇಟ್ಟದ್ದು ಯಾವಾಗ. ಯಾವ ಕೆಲಸಕ್ಕೆ ಎಂಬ ಪ್ರಶ್ನೆಗೆ ಉತ್ತರ ಸಿಗದ ಹೊತ್ತೆಲ್ಲವೂ ಅನರ್ಥದ ಖಾತೆಗೆ.

ಪಾತ್ರೆ ಅಂಗಡಿಯ ಮನೆಯವರು ಕೈಗೊಂಡ ಏರ್ಪಾಡುಗಳು ದೊಡ್ಡವೇನೂ ಅಲ್ಲ. ಸಮಂತಭದ್ರಾಚಾರ್ಯರು ಭೋಗೋಪಭೋಗಗಳ ತ್ಯಾಗದಲ್ಲಿ ಯಮ ಮತ್ತು ನಿಯಮ ಎಂದು ಎರಡು ಬಗೆ ಹೇಳಿದ್ದಾರೆ. ಜೀವಮಾನವಿಡೀ ಬಿಡುವುದು ಯಮ, ಕಾಲದ ಮಿತಿಯಿಟ್ಟು ಬಿಡುವುದು ನಿಯಮ. ಮನೆಯವರೆಲ್ಲ ಕುಳಿತು ಎರಡನ್ನೂ ಬೇರೆಬೇರೆಯಾಗಿ ನಿಶ್ಚಯಿಸಿದರು. ಹಣ ಕಟ್ಟುವ ಯಾವ ಆಟವನ್ನೂ ಯಾರೂ ಆಡಬಾರದು, ಮಗುವಿನಿಂದ ಸುಳ್ಳು ಹೇಳಿಸಬಾರದು ಎಂಬಿವು ಯಮ. ಸಗಟು ವ್ಯಾಪಾರಿಯ ಕರೆ ಬಂದರೆ "ಅಪ್ಪಾ ಊಟಕ್ಕ ಕುಂತಾರ್ರೀ, ಆಮ್ಯಾಲ ಅವರ ಮಾಡ್ತಾರ್ರೀ" ಎಂದು ಇದ್ದುದನ್ನು ಇದ್ದಂತೆಯೇ ಹೇಳುವುದು ರೂಢಿಯಾಯಿತು.

ಉಳಿದವು ನಿಯಮಗಳು. ಅಂಗಡಿಯ ಮೊಬೈಲನ್ನೂ ಮನೆಯದನ್ನೂ ಬೇರ್ಪಡಿಸಿ, ಅಂಗಡಿಯದನ್ನು ರಾತ್ರಿ ಗಲ್ಲೆಯೊಳಗೇ ಇಟ್ಟು ಬೀಗ ಹಾಕಲಾಯಿತು. ಗುಪ್ತಸಂಖ್ಯೆ ಬದಲಾಯಿತು, ದಿನದ ಪಾವತಿಯ ಮಿತಿ ಇಳಿಯಿತು, ಹಮಾಲರ ಕೂಲಿಗೆಂದು ಆಳಿನ ಕೈಯಲ್ಲಿ ಪ್ರತ್ಯೇಕ ನಗದು ಬಂದಿತು. ಸಂಜೆಯ ಊಟದ ಹೊತ್ತಿನಲ್ಲೂ, ಅನಂತರದ ಒಂದು ಮುಹೂರ್ತವೂ, ಅಂದರೆ ಸಾಮಾಯಿಕಕ್ಕೆ ಸಲ್ಲುವ 48 ನಿಮಿಷ, ಮನೆಯ ಮೊಬೈಲುಗಳೆಲ್ಲ ಅಜ್ಜಿಯ ಹಳೆಯ ಹಿತ್ತಾಳೆಯ ಡಬ್ಬಿಯಲ್ಲಿ ಇರತಕ್ಕದ್ದು. ಆ ಡಬ್ಬಿಗೆ ಮೊದಲು ಬೀಳಬೇಕಾದುದು ತಂದೆಯದು ಎಂಬ ಷರತ್ತನ್ನು ಮಗಳು ಸೇರಿಸಿದಳು. ಅಷ್ಟಮಿ ಚತುರ್ದಶಿಗಳಂದು ಮನರಂಜನೆಗಾಗಿ ಪರದೆ ತೆರೆಯುವುದಿಲ್ಲ. ಉಪವಾಸ ಮಾಡಲಾಗದ ಮಕ್ಕಳಿಗೂ ಇದೊಂದು ಪರ್ವದ ಆಚರಣೆಯಾಯಿತು.

ಇದರ ಬೆಲೆಯೂ ಬೇಗನೆ ತಿಳಿದುಬಂದಿತು. ಒಂದು ಮದುವೆಯ ಮನೆಯವರು ಆ 48 ನಿಮಿಷಗಳೊಳಗೇ ಎರಡು ಬಾರಿ ಕರೆದು, ಉತ್ತರ ಬಾರದೆ, ಪಾತ್ರೆಗಳನ್ನು ಬೇರೆ ಅಂಗಡಿಯಲ್ಲಿ ಕೊಂಡರು. ಆ ರಾತ್ರಿ ಶ್ರಾವಕರು ಸಂಕಟಪಟ್ಟರು; ನಿಯಮವನ್ನು ಸಡಿಲಿಸುವ ಮಾತನ್ನೂ ಎತ್ತಿದರು. ಪತ್ನಿ ಹೇಳಿದುದು ಇಷ್ಟೇ: "ಆ ಗಿರಾಕಿ ಹೋದದ್ದು ನಮಗ ತಿಳೀತ್ರಿ. ಇಷ್ಟು ವರ್ಷ ಮನ್ಯಾಗ ಏನೇನು ಹೋಗ್ಯಾವೋ, ತಿಳದೇ ಇಲ್ಲ." ನಿಯಮ ಉಳಿಯಿತು. ಅಂಗಡಿಯ ಹಲಗೆಯ ಮೇಲೆ ಕರೆ ಸ್ವೀಕರಿಸುವ ಹೊತ್ತನ್ನು ಬರೆಯಿಸಲಾಯಿತು. ಹಳೆಯ ಗಿರಾಕಿಗಳಲ್ಲಿ ಬಹಳ ಮಂದಿ ಆ ಹೊತ್ತಿಗೆ ಹೊಂದಿಕೊಂಡರು, ಕೆಲವರು ಹೊಂದಿಕೊಳ್ಳಲಿಲ್ಲ.

ಈ ವಿಷಯದಲ್ಲಿ ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಕರ್ತವ್ಯವಿದೆ. ಪಾದರಕ್ಷೆ ಬಿಡುವಲ್ಲಿಯೇ ಮೊಬೈಲುಗಳನ್ನಿಡಲು ಬೀಗವಿರುವ ಒಂದು ಕಪಾಟನ್ನು ಒದಗಿಸಬಹುದು. ಅಭಿಷೇಕ ಪೂಜೆಗಳ ಚಿತ್ರ ಬೇಕಾದರೆ ಒಬ್ಬರನ್ನೇ ಆ ಕೆಲಸಕ್ಕೆ ನೇಮಿಸಿ ಉಳಿದವರು ಕೈಮುಗಿದು ನಿಲ್ಲುವಂತೆ ಮಾಡಬಹುದು. ಪಾಠಶಾಲೆಯ ಸೂಚನೆಗಳನ್ನೂ ಸಮಿತಿಯ ಚರ್ಚೆಗಳನ್ನೂ ಸಾಮಾಯಿಕದ ಹೊತ್ತಿನಲ್ಲಿ ವಾಟ್ಸಾಪಿಗೆ ಹಾಕದಿರುವುದು ಸಣ್ಣ ಸಂಯಮವಾದರೂ, ಹತ್ತಾರು ಮನೆಗಳ ಸಂಜೆಯನ್ನು ಉಳಿಸುತ್ತದೆ. ಮಕ್ಕಳಿಗೆ ಮೊಬೈಲು ಬೇಡವೆಂದು ಭಾಷಣ ಮಾಡಿಸುವುದಕ್ಕಿಂತ, ಸಂಜೆ ಬಸದಿಯ ಅಂಗಳದಲ್ಲಿ ಅವರು ಆಡಲೂ ಓದಲೂ ಎಡೆಮಾಡಿಕೊಡುವುದು ಮೇಲು. ಕೆಟ್ಟ ನಿಮಿತ್ತವನ್ನು ತೆಗೆದ ಜಾಗ ಬರಿದಾಗಿ ಉಳಿಯುವುದಿಲ್ಲ. ಒಳ್ಳೆಯದನ್ನು ಇಡದಿದ್ದರೆ ಬಿಟ್ಟುದೇ ಮರಳಿ ಬರುತ್ತದೆ.

ಹೇಳಬೇಕಾದುದು ಇನ್ನೊಂದಿದೆ. ಲೆಕ್ಕ ಬರೆಯುವವರು ಸತ್ಯವನ್ನು ತೋರಿಸಿಕೊಟ್ಟ ರಾತ್ರಿ, ಮೇಲಿನ ಏರ್ಪಾಡುಗಳಾವುವೂ ಇನ್ನೂ ಹುಟ್ಟಿರಲಿಲ್ಲ. ಮೊದಲು ಆಗಬೇಕಾದ ಕೆಲಸ ಬೇರೆಯಿತ್ತು. ಕ್ಷಮಾವಣಿಯ ದಿನ ಇನ್ನೂ ಐದು ತಿಂಗಳು ದೂರವಿತ್ತು. ಫೋನಿನಲ್ಲಿ ಒಂದು ಮಾತು ಹೇಳಿದರೆ ಸಾಕೆಂದು ಯಾರೋ ಸೂಚಿಸಿದರು. ಶ್ರಾವಕರು ಒಪ್ಪಲಿಲ್ಲ. ಆಡಿದ್ದು ಎದುರಿಗೆ, ಕೇಳಬೇಕಾದದ್ದೂ ಎದುರಿಗೇ ಎಂದು ಮಗನ ಕೈಹಿಡಿದುಕೊಂಡು, ಮೊಬೈಲನ್ನು ಮನೆಯಲ್ಲೇ ಬಿಟ್ಟು, ಊರ ಹೊರಗಿನ ಆಳಿನ ಮನೆಗೆ ನಡೆದು ಹೋದರು. ಅಂಗಳದಲ್ಲಿ ನಿಂತು ತಂದೆ ಮೊದಲು ಕೈಮುಗಿದರು. ಅದನ್ನು ನೋಡಿ ಮಗನೂ ಮುಗಿದ. ಆತ ಒಳಗೆ ಕರೆದು ಮಗುವಿಗೆ ಬೆಲ್ಲ ಕೊಟ್ಟ. ಮರುದಿನ ಬೆಳಿಗ್ಗೆ ಅಂಗಡಿಗೆ ಬಂದ. ಗಿರಾಕಿಗಳ ಎದುರಿನಲ್ಲಿ ಆಡಿದ ಮಾತನ್ನು ಗಿರಾಕಿಗಳ ಎದುರಿನಲ್ಲೇ ಹಿಂತೆಗೆದುಕೊಂಡದ್ದು ಆ ಬೆಳಗಿನ ಮೊದಲ ವ್ಯವಹಾರ.

ಆ ಹುಡುಗನಿಗೆ ಮುಂದೆ ದೊಡ್ಡವನಾದಾಗ ಆಟದ ಬೊಂಬೆಯ ಕತ್ತಿಯೂ ಅಂಗಿಯೂ ನೆನಪಿರಲಾರವು. ತನ್ನ ತಪ್ಪಿಗಾಗಿಯೂ ತನ್ನದೇ ತಪ್ಪಿಗಾಗಿಯೂ ಒಟ್ಟಿಗೆ ಕೈಮುಗಿದು ನಿಂತ ತಂದೆಯ ನೆನಪು ಉಳಿದರೆ, ಅದೇ ಆ ಮನೆಯ ಉಳಿತಾಯ.